ಬಾಟಲಿಯ ಮೇಲಿನ ಐದು ಸೆಂಟ್: ಠೇವಣಿ ಕಾನೂನಿಗಾಗಿ ನಾಗರಿಕರು ನಡೆಸಿದ ಹೋರಾಟ ಎಲ್ಲಿಗೆ ಬಂದಿದೆ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರ ಮುಂದೆ ಬಾಟಲಿ ಠೇವಣಿಯ, ಅಂದರೆ ಪಾನೀಯ ಕೊಳ್ಳುವಾಗ ಕಟ್ಟಿ ಖಾಲಿ ಬಾಟಲಿ ಕೊಟ್ಟಾಗ ಹಿಂಪಡೆಯುವ ಹಣದ, ಪ್ರಶ್ನೆ ಮೂರು ಬಾರಿ ಬಂದಿದೆ. ಇಂಥ ಕಾನೂನು ಬೇಕೇ ಎಂದು 1976ರಲ್ಲಿ ಕೇಳಿದಾಗ ಅವರು ಕೂದಲೆಳೆಯ ಅಂತರದಲ್ಲಿ ಬೇಡ ಎಂದರು. 1981ರಲ್ಲಿ ಶಾಸನಸಭೆ ಗವರ್ನರ್ ಹಾಕಿದ ವೀಟೋವನ್ನು ಮೀರಿ ಕಾನೂನು ಮಾಡಿತು. ಅದನ್ನು ರದ್ದುಪಡಿಸಬೇಕೆಂಬ ಪ್ರಸ್ತಾವ ಮರುವರ್ಷ ಮತಕ್ಕೆ ಬಂದಾಗ ಅದೇ ಜನ ಕಾನೂನಿನ ಬೆನ್ನಿಗೆ ನಿಂತು ಉಳಿಸಿಕೊಂಡರು. ಮೂರನೆಯ ಬಾರಿ 2014ರಲ್ಲಿ. ಆಗಿನ ಪ್ರಶ್ನೆ ತೀರಾ ಸರಳವಾಗಿತ್ತು. ಬಿಯರ್ ಮತ್ತು ಸೋಡಾ ಬಾಟಲಿಗಳಿಗೆ ಇರುವ ಐದು ಸೆಂಟ್ ಠೇವಣಿಯನ್ನು ನೀರಿನ ಬಾಟಲಿ, ಚಹಾ, ಕ್ರೀಡಾ ಪಾನೀಯಗಳಿಗೂ ವಿಸ್ತರಿಸಬೇಕೇ? ಆ ವರ್ಷದ ಬೇಸಿಗೆಯಲ್ಲಿ ನಡೆದ ಸಮೀಕ್ಷೆಗಳಲ್ಲಿ ಬೇಕು ಎನ್ನುವವರೇ ಹೆಚ್ಚಿದ್ದರು. ನವೆಂಬರ್‌ನಲ್ಲಿ ಮತ ಎಣಿಸಿದಾಗ ಶೇ. 73ರಷ್ಟು ಮಂದಿ ಬೇಡ ಎಂದಿದ್ದರು.

ನಡುವಿನ ಕೆಲವು ತಿಂಗಳುಗಳಲ್ಲಿ ಜನ ಪರಿಸರದ ವೈರಿಗಳಾಗಲಿಲ್ಲ. ಪಾನೀಯ ಕಂಪನಿಗಳೂ ದೊಡ್ಡ ಅಂಗಡಿ ಸಮೂಹಗಳೂ ಪ್ರಸ್ತಾವದ ಬೆಂಬಲಿಗರಿಗಿಂತ ಹಲವು ಪಟ್ಟು ಹಣವನ್ನು ಜಾಹೀರಾತಿಗೆ ಸುರಿದವು. ಮನೆ ಬಾಗಿಲಿಗೇ ಬಂದು ಮರುಸಂಸ್ಕರಣೆಯ ವಸ್ತುಗಳನ್ನು ಒಯ್ಯುವ ವ್ಯವಸ್ಥೆ ಇರುವಾಗ ಠೇವಣಿಯೆಂಬ ಹಳೆಯ ಕಾಲದ ತಲೆನೋವು ಯಾಕೆ ಎಂಬುದು ಅವುಗಳ ವಾದ. ಅದು ಕೇಳಲು ಸರಿಯಾಗಿಯೇ ಇತ್ತು. ಉತ್ತರ ಕೊಡಬೇಕಾದ ನಾಗರಿಕ ಸಂಘಟನೆಗಳ ಕೈಯಲ್ಲಿ ಸ್ವಯಂಸೇವಕರು, ಕರಪತ್ರ ಮತ್ತು ಕಡ್ಡಾಯವಾಗಿ ಎಣಿಸಿ ಖರ್ಚು ಮಾಡಬೇಕಾದ ಅಲ್ಪ ಹಣ ಮಾತ್ರ ಇತ್ತು.

ಈ ಸೋಲನ್ನೇ ಮೊದಲಿಗೆ ಇಟ್ಟುಕೊಳ್ಳಲು ಕಾರಣವಿದೆ. ಠೇವಣಿ ಕಾನೂನು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಅರ್ಧ ಶತಮಾನದ ಹಿಂದೆಯೇ ಉತ್ತರ ಸಿಕ್ಕಿದೆ. ಈಗ ಜಗಳ ಇರುವುದು ಬೇರೆ ಕಡೆ. ಖಾಲಿ ಬಾಟಲಿಯ ಖರ್ಚು ಯಾರದು, ಮರಳಿ ಪಡೆಯದ ಠೇವಣಿ ಯಾರ ಜೇಬು ಸೇರುತ್ತದೆ, ಎಷ್ಟು ಬಾಟಲಿ ವಾಪಸಾಯಿತು ಎಂದು ಎಣಿಸುವವರು ಯಾರು? ಈ ಮೂರು ವಿಷಯಗಳಲ್ಲಿ ನಾಗರಿಕರ ಕಣ್ಣು ತಪ್ಪಿದಲ್ಲೆಲ್ಲ ಒಳ್ಳೆಯ ಕಾನೂನೂ ಟೊಳ್ಳಾಗಿದೆ.

ವ್ಯವಸ್ಥೆಯಲ್ಲಿ ಗೂಢವೇನೂ ಇಲ್ಲ. ಪಾನೀಯದ ವಿತರಕ ಪ್ರತಿ ಬಾಟಲಿಗೂ ಅಂಗಡಿಯವನಿಂದ ಐದೋ ಹತ್ತೋ ಸೆಂಟ್ ಠೇವಣಿ ಪಡೆಯುತ್ತಾನೆ. ಅಂಗಡಿಯವನು ಅದನ್ನು ಗ್ರಾಹಕನಿಂದ ಪಡೆಯುತ್ತಾನೆ. ಗ್ರಾಹಕ ಖಾಲಿ ಬಾಟಲಿ ಕೊಟ್ಟು ಹಣ ಹಿಂಪಡೆದರೆ ಅದೇ ಸರಪಳಿ ಹಿಮ್ಮುಖವಾಗಿ ಚಲಿಸುತ್ತದೆ. ಬಾಟಲಿಗಳನ್ನು ತೆಗೆದುಕೊಂಡು ಇಟ್ಟುಕೊಳ್ಳುವ ಶ್ರಮಕ್ಕೆ ಹಲವು ಕಡೆ ಅಂಗಡಿಗೆ ಅಥವಾ ಸಂಗ್ರಹ ಕೇಂದ್ರಕ್ಕೆ ಬೇರೆಯೇ ನಿರ್ವಹಣಾ ಶುಲ್ಕ ಸಿಗುತ್ತದೆ. ಯುರೋಪಿನ ಸೂಪರ್‌ಮಾರ್ಕೆಟ್‌ಗಳ ಬಾಗಿಲ ಬಳಿ ಈ ಕೆಲಸಕ್ಕೆ ಯಂತ್ರಗಳಿವೆ. ದುಂಡನೆಯ ಕಿಂಡಿಗೆ ಬಾಟಲಿ ಇಟ್ಟರೆ ಒಳಗಿನ ಪಟ್ಟಿ ಅದನ್ನು ಎಳೆದುಕೊಂಡು ತಿರುಗಿಸುತ್ತದೆ. ಬಾರ್‌ಕೋಡ್ ಓದಿ, ಆಕಾರ ಮತ್ತು ತೂಕ ನೋಡಿ, ಒಪ್ಪಿದರೆ ಒಳಗೆ ಸೆಳೆದು ಹಿಚುಕಿಬಿಡುತ್ತದೆ. ಅದೇ ಬಾಟಲಿಗೆ ಮತ್ತೊಮ್ಮೆ ಯಾರೂ ಹಣ ಕೇಳಬಾರದೆಂದು ಈ ಹಿಚುಕುವಿಕೆ. ನೀರು ಉಳಿದ ಬಾಟಲಿಯನ್ನೂ ಲೇಬಲ್ ಕಿತ್ತ ಬಾಟಲಿಯನ್ನೂ ಅದು ಹಿಂದಕ್ಕೆ ತಳ್ಳುತ್ತದೆ. ಕೊನೆಗೆ ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಅದನ್ನು ಬಿಲ್ ಕೌಂಟರಿನಲ್ಲಿ ಕೊಟ್ಟರೆ ಹಣ.

ಈ ಲೆಕ್ಕಾಚಾರ ಹೊಸದೂ ಅಲ್ಲ, ಸರ್ಕಾರಗಳು ಕಂಡುಹಿಡಿದದ್ದೂ ಅಲ್ಲ. ಗಾಜಿನ ಬಾಟಲಿ ದುಬಾರಿಯಾಗಿದ್ದ ಕಾಲದಲ್ಲಿ ಪಾನೀಯ ಕಂಪನಿಗಳೇ ಠೇವಣಿ ಹಾಕಿ ಅದನ್ನು ವಾಪಸು ತರಿಸಿಕೊಂಡು, ತೊಳೆದು, ಮತ್ತೆ ತುಂಬಿಸುತ್ತಿದ್ದವು. 1960ರಲ್ಲಿಯೂ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ತಂಪು ಪಾನೀಯದ ಸುಮಾರು ಶೇ. 95 ಭಾಗ ಇಂಥ ಬಾಟಲಿಗಳಲ್ಲೇ ಇತ್ತು. ಆಮೇಲೆ ಅಗ್ಗದ ಡಬ್ಬಿಗಳೂ ಬಿಸಾಡುವ ಬಾಟಲಿಗಳೂ ಬಂದವು. ಊರೂರಿನ ಬಾಟ್ಲಿಂಗ್ ಘಟಕಗಳು ಮುಚ್ಚಿ ದೊಡ್ಡ ಕಾರ್ಖಾನೆಗಳು ದೂರದೂರಕ್ಕೆ ಸರಕು ಕಳಿಸತೊಡಗಿದವು. ಖಾಲಿ ಬಾಟಲಿ ಹಿಂದಿರುಗಿ ಬರುವ ದಾರಿ ಮುಚ್ಚಿತು. ಅಲ್ಲಿಯವರೆಗೆ ಕಂಪನಿಯ ಖರ್ಚಾಗಿದ್ದದ್ದು ಅಲ್ಲಿಂದ ಪುರಸಭೆಯ ಕಸದ ಲಾರಿಯ ಖರ್ಚಾಯಿತು. ಈ ವರ್ಗಾವಣೆಗೆ ಯಾರೂ ಮತ ಹಾಕಿರಲಿಲ್ಲ.

ಮೊದಲು ಎಚ್ಚೆತ್ತವರು ರೈತರು. ವರ್ಮಾಂಟ್ ರಾಜ್ಯದಲ್ಲಿ ರಸ್ತೆಯಿಂದ ಎಸೆದ ಬಿಯರ್ ಬಾಟಲಿಗಳು ಹುಲ್ಲಿನಲ್ಲಿ ಒಡೆದು, ಗಾಜಿನ ಚೂರು ಹಸುಗಳ ಹೊಟ್ಟೆ ಸೇರುತ್ತಿದೆ ಎಂದು ಅವರು ದೂರಿದರು. 1953ರಲ್ಲಿ ಆ ರಾಜ್ಯ ಬಿಸಾಡುವ ಬಿಯರ್ ಬಾಟಲಿಗಳ ಮಾರಾಟವನ್ನೇ ನಿಷೇಧಿಸಿತು. ನಾಲ್ಕೇ ವರ್ಷಗಳಲ್ಲಿ, ಉದ್ಯಮದ ಒತ್ತಡದ ನಡುವೆ, ಅದು ನವೀಕರಣವಾಗದೆ ಬಿದ್ದುಹೋಯಿತು. ಅದೇ 1953ರಲ್ಲಿ ಡಬ್ಬಿ ಮತ್ತು ಗಾಜು ತಯಾರಕರು ಮುಂದೆ ನಿಂತು ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಕಸ ಎಸೆಯುವವನದೇ ತಪ್ಪು, ಅವನು ಬದಲಾದರೆ ಸಾಕು ಎಂಬುದು ಅದರ ಸಂದೇಶ. ಆದಿವಾಸಿ ವೇಷದ ನಟನೊಬ್ಬನ ಕೆನ್ನೆಯ ಮೇಲೆ ಕಣ್ಣೀರು ಇಳಿಯುವ 1971ರ ಅದರ ಟಿ.ವಿ. ಜಾಹೀರಾತು ಒಂದು ತಲೆಮಾರಿನ ಮನಸ್ಸಿನಲ್ಲಿ ಅಚ್ಚೊತ್ತಿತು. ಆ ನಟ ಇಟಲಿ ಮೂಲದವನು. ಇನ್ನೊಂದು ಕಡೆ ಇದೇ ಸಂಸ್ಥೆಯ ಹಿಂದಿದ್ದ ಉದ್ಯಮಗಳು ಠೇವಣಿ ಮಸೂದೆಗಳನ್ನು ಶಾಸನಸಭೆಗಳಲ್ಲಿ ಒಂದೊಂದಾಗಿ ಮಲಗಿಸುತ್ತಿದ್ದವು. ಇದು ಗೊತ್ತಾದ ಮೇಲೆ 1970ರ ದಶಕದಲ್ಲಿ ಪ್ರಮುಖ ಪರಿಸರ ಸಂಘಟನೆಗಳು ಅದರ ಸಲಹಾ ಮಂಡಳಿಯಿಂದ ಹೊರನಡೆದವು. ಬೀದಿ ಗುಡಿಸುವುದು ಒಳ್ಳೆಯ ಕೆಲಸ, ಅದನ್ನು ಮಾಡುವ ಸ್ವಯಂಸೇವಕರ ಮೇಲೆ ನನಗೆ ಗೌರವವಿದೆ. ಆದರೆ ಆ ಶ್ರಮವನ್ನು ಕಾನೂನಿಗೆ ಅಡ್ಡಗೋಡೆಯಾಗಿ ನಿಲ್ಲಿಸಿದ್ದನ್ನು ಕ್ಷಮಿಸುವುದು ಕಷ್ಟ.

ಒರೆಗಾನ್ ರಾಜ್ಯದಲ್ಲಿ ಕಥೆ ಬೇರೆಯಾಯಿತು. ಮರ ಕಡಿಯುವ ಯಂತ್ರೋಪಕರಣಗಳ ಮಾರಾಟಗಾರ ರಿಚರ್ಡ್ ಚೇಂಬರ್ಸ್ ಕಡಲತೀರದಲ್ಲಿ ನಡೆಯುವಾಗ ಬಾಟಲಿ, ಡಬ್ಬಿಗಳನ್ನು ಹೆಕ್ಕುತ್ತಿದ್ದವರು. ಪಕ್ಕದ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿಸಾಡುವ ಬಾಟಲಿಗಳಿಗೆ ಕಡಿವಾಣ ಹಾಕುವ ಆಲೋಚನೆ ನಡೆದಿದೆ ಎಂದು 1968ರಲ್ಲಿ ಪತ್ರಿಕೆಯಲ್ಲಿ ಓದಿದರು. ತಮ್ಮ ಪ್ರದೇಶದ ಶಾಸಕ ಪಾಲ್ ಹ್ಯಾನಮನ್ ಅವರನ್ನು ಹಿಡಿದು, ನಮಗೂ ಇಂಥದ್ದು ಬೇಕು ಎಂದರು. 1969ರ ಮಸೂದೆ ಸೋತಿತು. ಚೇಂಬರ್ಸ್ ಬಿಡಲಿಲ್ಲ. ಗವರ್ನರ್ ಟಾಮ್ ಮೆಕಾಲ್ ಬೆಂಬಲದೊಂದಿಗೆ 1971ರಲ್ಲಿ ಕಾನೂನು ಅಂಗೀಕಾರವಾಗಿ 1972ರ ಅಕ್ಟೋಬರ್‌ನಿಂದ ಜಾರಿಗೆ ಬಂತು. ಡಬ್ಬಿ ತಯಾರಕರು ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು. ಫಲಿತಾಂಶ ರಸ್ತೆಬದಿಯಲ್ಲೇ ಕಾಣಿಸಿತು. ಕಾನೂನಿಗೆ ಮುಂಚೆ ರಸ್ತೆಬದಿಯ ಕಸದಲ್ಲಿ ಪಾನೀಯದ ಬಾಟಲಿ, ಡಬ್ಬಿಗಳ ಪಾಲು ಸುಮಾರು ಶೇ. 40. 1973ರಲ್ಲಿ ಅದು ಶೇ. 10.8ಕ್ಕೆ, 1979ರಲ್ಲಿ ಶೇ. 6ಕ್ಕೆ ಇಳಿಯಿತು.

ಮಿಷಿಗನ್‌ನಲ್ಲಿ ಹೋರಾಟಕ್ಕಿಳಿದವರನ್ನು ನೋಡಿದರೆ ಇದು ನಗರದ ಪರಿಸರವಾದಿಗಳ ಹವ್ಯಾಸ ಎಂಬ ಮಾತು ನಿಲ್ಲುವುದಿಲ್ಲ. ಅಲ್ಲಿ ಮುಂದಾಳತ್ವ ವಹಿಸಿದ್ದು ಬೇಟೆಗಾರರು ಮತ್ತು ಮೀನು ಹಿಡಿಯುವವರ ಕ್ಲಬ್ಬುಗಳ ಒಕ್ಕೂಟ, ಮಿಷಿಗನ್ ಯುನೈಟೆಡ್ ಕನ್ಸರ್ವೇಶನ್ ಕ್ಲಬ್ಸ್. ಕೆರೆಯ ದಂಡೆಯಲ್ಲಿ, ಕಾಡಿನ ದಾರಿಯಲ್ಲಿ ದಿನವೂ ಗಾಜು ತುಳಿಯುವವರು ಅವರೇ. ಮಸೂದೆ ಶಾಸನಸಭೆಯ ಸಮಿತಿಯಲ್ಲೇ ಕೊಳೆಯುತ್ತಿದ್ದಾಗ ಅವರು ಸಹಿ ಸಂಗ್ರಹಿಸಿ ಪ್ರಶ್ನೆಯನ್ನು ನೇರವಾಗಿ ಜನರ ಮುಂದಿಟ್ಟರು. 1976ರ ನವೆಂಬರ್‌ನಲ್ಲಿ ಶೇ. 64ರ ಸಮೀಪ ಮತದಾರರು ಒಪ್ಪಿದರು. ಠೇವಣಿ ಐದಲ್ಲ, ಹತ್ತು ಸೆಂಟ್. ಅದೇ ದಿನ ಮೇನ್ ರಾಜ್ಯವೂ ಜನಮತದಿಂದಲೇ ಕಾನೂನು ಪಡೆಯಿತು.

ಇಷ್ಟೆಲ್ಲ ಆದರೂ ಇಂದು ಅಮೆರಿಕದ 50 ರಾಜ್ಯಗಳಲ್ಲಿ ಠೇವಣಿ ಕಾನೂನು ಇರುವುದು ಹತ್ತರಲ್ಲಿ ಮಾತ್ರ. ಕೊನೆಯದಾಗಿ ಸೇರಿದ್ದು ಹವಾಯಿ, 2002ರಲ್ಲಿ. ಡೆಲವೇರ್ ಇದ್ದ ಕಾನೂನನ್ನು ಕೈಬಿಟ್ಟಿತು. ಒಂದು ಕಡೆ ಲಾಭ ಲಕ್ಷಾಂತರ ಜನರಿಗೆ ಚೂರುಚೂರಾಗಿ ಹಂಚಿಹೋಗುತ್ತದೆ: ತುಸು ಸ್ವಚ್ಛವಾದ ರಸ್ತೆ, ತುಸು ಕಡಿಮೆಯಾದ ಕಸದ ತೆರಿಗೆ. ಇನ್ನೊಂದು ಕಡೆ ಖರ್ಚು ಬೀಳುವುದು ಬೆರಳೆಣಿಕೆಯ ಕಂಪನಿಗಳ ಮೇಲೆ. ಅವುಗಳಿಗೆ ರಾಜಧಾನಿಯಲ್ಲಿ ಕಾಯಂ ಪ್ರತಿನಿಧಿಗಳಿದ್ದಾರೆ. ಚೂರು ಲಾಭದ ಜನರ ಪರವಾಗಿ ಸಮಿತಿ ಸಭೆಯ ಬಾಗಿಲಲ್ಲಿ ದಿನವಿಡೀ ಕಾಯುವವರು ನಾಗರಿಕ ಸಂಘಟನೆಯವರು ಮಾತ್ರ. ಮ್ಯಾಸಚೂಸೆಟ್ಸ್, ನ್ಯೂಯಾರ್ಕ್, ವರ್ಮಾಂಟ್‌ಗಳಲ್ಲಿ ವಿದ್ಯಾರ್ಥಿಗಳಿಂದ ಬೆಳೆದ ಸಾರ್ವಜನಿಕ ಹಿತಾಸಕ್ತಿ ಸಂಶೋಧನಾ ಗುಂಪುಗಳು ದಶಕಗಳಿಂದ ಈ ಕಾಯುವ ಕೆಲಸ ಮಾಡಿವೆ.

ಕಾನೂನು ಬಂದ ಮೇಲಿನ ಕಥೆಗೆ ಬರೋಣ. ಚರ್ಚೆ ಸಾಮಾನ್ಯವಾಗಿ ಇಲ್ಲಿಗೆ ಬರುವ ಮೊದಲೇ ಮುಗಿದುಹೋಗುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲಬೇಕು.

ಮೊದಲನೆಯದು ಮೊತ್ತ. 1972ರ ಐದು ಸೆಂಟ್‌ಗೆ ಇಂದಿನ ಬೆಲೆಯಲ್ಲಿ 35 ಸೆಂಟ್‌ಗೂ ಮೀರಿದ ತೂಕವಿತ್ತು. ಕಾಗದದ ಮೇಲಿನ ಅಂಕಿ ಹಾಗೇ ಉಳಿದು ಹಣದ ಬೆಲೆ ಕರಗಿದರೆ, ಯಾರೂ ರದ್ದು ಮಾಡದೆಯೇ ಕಾನೂನು ಸವೆದುಹೋಗುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ 2014ರ ಪ್ರಸ್ತಾವ ಐದು ವರ್ಷಕ್ಕೊಮ್ಮೆ ಹಣದುಬ್ಬರಕ್ಕೆ ತಕ್ಕಂತೆ ಠೇವಣಿ ಏರಿಸಬೇಕೆಂದಿತ್ತು. ಅದರ ಸೋಲಿನೊಂದಿಗೆ ಆ ಅಂಶವೂ ಸತ್ತಿತು. ಒರೆಗಾನ್ ಮಾತ್ರ ಜಾಣತನದ ಒಂದು ನಿಯಮ ಸೇರಿಸಿತು. ವಾಪಸಾತಿಯ ಪ್ರಮಾಣ ಸತತ ಎರಡು ವರ್ಷ ಶೇ. 80ಕ್ಕಿಂತ ಕೆಳಗಿಳಿದರೆ ಠೇವಣಿ ತಾನಾಗಿಯೇ ಹತ್ತು ಸೆಂಟ್ ಆಗಬೇಕು ಎಂದು 2011ರಲ್ಲಿ ಬರೆದಿಟ್ಟಿತು. 2016ರಲ್ಲಿ ಪ್ರಮಾಣ ಶೇ. 64ರಷ್ಟಿತ್ತು. 2017ರ ಏಪ್ರಿಲ್‌ನಲ್ಲಿ ನಿಯಮ ತಾನಾಗಿ ಕೆಲಸ ಮಾಡಿತು, ಮರುವರ್ಷವೇ ವಾಪಸಾತಿ ಶೇ. 80 ದಾಟಿತು. ಹೊಸ ಮಸೂದೆ ಬೇಕಾಗಲಿಲ್ಲ, ಹೊಸ ಜಾಹೀರಾತು ಯುದ್ಧಕ್ಕೆ ಅವಕಾಶವೇ ಇರಲಿಲ್ಲ. ಮಸೂದೆಯ ಕರಡು ಬರೆಯುವ ಹಂತದಲ್ಲೇ ಇಂಥ ಒಂದು ಸಾಲು ಸೇರಿಸಲು ಹಟ ಹಿಡಿಯುವುದು, ಆಮೇಲೆ ನೂರು ಮೆರವಣಿಗೆ ಮಾಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಕನೆಕ್ಟಿಕಟ್ ಕೂಡ 2024ರ ಜನವರಿಯಿಂದ ಠೇವಣಿಯನ್ನು ಹತ್ತು ಸೆಂಟ್‌ಗೆ ಏರಿಸಿದೆ. ಜರ್ಮನಿಯಲ್ಲಿ ಒಮ್ಮೆ ಬಳಸಿ ಬಿಸಾಡುವ ಬಾಟಲಿಗೆ 25 ಯೂರೋ ಸೆಂಟ್. ಅಲ್ಲಿ ವಾಪಸಾತಿ ಶೇ. 98ರ ಆಸುಪಾಸು.

ಎರಡನೆಯದು ವಾಪಸು ಕೊಡುವ ಜಾಗ. ಕ್ಯಾಲಿಫೋರ್ನಿಯಾದ 1986ರ ಕಾನೂನು ಈ ಹೊಣೆಯನ್ನು ಅಂಗಡಿಗಳಿಗಿಂತ ಹೆಚ್ಚಾಗಿ ಪ್ರತ್ಯೇಕ ಸಂಗ್ರಹ ಕೇಂದ್ರಗಳಿಗೆ ವಹಿಸಿತು. ಆ ಕೇಂದ್ರಗಳು ಬದುಕುವುದು ಗುಜರಿ ಮಾಲಿನ ಬೆಲೆ ಮತ್ತು ಸರ್ಕಾರದ ನೆರವಿನ ಮೇಲೆ. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಬೆಲೆ ಕುಸಿದಾಗ ಅವು ಒಂದೊಂದಾಗಿ ಮುಚ್ಚಿದವು. 2019ರ ಆಗಸ್ಟ್‌ನಲ್ಲಿ ರೀಪ್ಲಾನೆಟ್ ಎಂಬ ಕಂಪನಿ ತನ್ನ 284 ಕೇಂದ್ರಗಳನ್ನೂ ಒಂದೇ ದಿನ ಮುಚ್ಚಿತು. ಬಿಲ್ಲಿನಲ್ಲಿ ಠೇವಣಿ ಕಟ್ಟುವುದು ಮಾತ್ರ ನಿಲ್ಲಲಿಲ್ಲ. ಕೊಂಡ ಊರಿನಲ್ಲಿ ಹಿಂದಿರುಗಿಸಲು ಜಾಗವಿಲ್ಲದಿದ್ದರೆ ಠೇವಣಿ ಎಂಬುದು ಬಡವರ ಮೇಲಿನ ತೆರಿಗೆಯಾಗುತ್ತದೆ. ಕಾರು ಇದ್ದವರು ದೂರದ ಕೇಂದ್ರಕ್ಕೆ ಹೋಗುತ್ತಾರೆ, ಇಲ್ಲದವರು ಹಣ ಬಿಡುತ್ತಾರೆ. ಜರ್ಮನಿಯೂ ಆರಂಭದಲ್ಲಿ ಎಡವಿತ್ತು. 2003ರಲ್ಲಿ ಕಡ್ಡಾಯ ಠೇವಣಿ ಬಂದಾಗ ಕೆಲವು ಅಂಗಡಿ ಸರಣಿಗಳು ತಾವು ಮಾರಿದ ವಿಶೇಷ ಆಕಾರದ ಬಾಟಲಿಗಳನ್ನಷ್ಟೇ ತೆಗೆದುಕೊಳ್ಳುತ್ತಿದ್ದವು. ಗ್ರಾಹಕರು ಬೇಸತ್ತರು. 2006ರಲ್ಲಿ ಆ ವಿನಾಯಿತಿ ತೆಗೆದುಹಾಕಿದರು. ಪ್ಲಾಸ್ಟಿಕ್ ಬಾಟಲಿ ಮಾರುವ ದೊಡ್ಡ ಅಂಗಡಿ ಯಾವುದೇ ಕಂಪನಿಯ ಪ್ಲಾಸ್ಟಿಕ್ ಬಾಟಲಿಯನ್ನು ತೆಗೆದುಕೊಳ್ಳಲೇಬೇಕು ಎಂದಾದ ಮೇಲೆ ವ್ಯವಸ್ಥೆ ನೆಲೆಗೊಂಡಿತು.

ಮೂರನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಯಾರೂ ಹಿಂಪಡೆಯದ ಠೇವಣಿ. ಮೂರರಲ್ಲಿ ಒಂದು ಬಾಟಲಿ ಕಸಕ್ಕೆ ಹೋದರೂ ಉಳಿಯುವ ಮೊತ್ತ ವರ್ಷಕ್ಕೆ ಕೋಟ್ಯಂತರ ಡಾಲರ್. ನ್ಯೂಯಾರ್ಕ್‌ನಲ್ಲಿ 1982ರ ಕಾನೂನಿನಡಿ ಅದು ವಿತರಕರ ಬಳಿಯೇ ಉಳಿಯುತ್ತಿತ್ತು. ಅಂದರೆ ಜನ ಬಾಟಲಿ ವಾಪಸು ಕೊಡದಿದ್ದಷ್ಟೂ ವಿತರಕರಿಗೆ ಲಾಭ. ವರ್ಷಾನುಗಟ್ಟಲೆ ನಾಗರಿಕ ಸಂಘಟನೆಗಳು ಬೆನ್ನುಬಿದ್ದ ಮೇಲೆ 2009ರಲ್ಲಿ ಕಾನೂನು ತಿದ್ದುಪಡಿಯಾಯಿತು. ನೀರಿನ ಬಾಟಲಿಗಳು ಸೇರಿದವು, ಹಿಂಪಡೆಯದ ಹಣದ ಶೇ. 80 ರಾಜ್ಯದ ಬೊಕ್ಕಸಕ್ಕೆ ಹೋಗುವಂತಾಯಿತು. ಮಿಷಿಗನ್‌ನಲ್ಲಿ ನಾಲ್ಕರಲ್ಲಿ ಮೂರು ಪಾಲು ರಾಜ್ಯಕ್ಕೆ, ಒಂದು ಪಾಲು ಅಂಗಡಿಗಳಿಗೆ. ಒರೆಗಾನ್‌ನಲ್ಲಿ ವಿತರಕರ ಸಹಕಾರ ಸಂಘವೇ ಸಂಗ್ರಹ ವ್ಯವಸ್ಥೆ ನಡೆಸುತ್ತದೆ, ಹಣವೂ ಅದರದ್ದೇ. ಈ ಕೊನೆಯ ಏರ್ಪಾಡು ಅಪಾಯಕಾರಿ ಎಂದು ತೋರುತ್ತದೆ, ಮತ್ತು ಬೇರೆ ರಾಜ್ಯದಲ್ಲಾಗಿದ್ದರೆ ಅಪಾಯಕಾರಿಯೇ. ಆದರೆ ಅಲ್ಲಿ ಪ್ರಮಾಣ ಕುಸಿದರೆ ಠೇವಣಿ ಏರುವ ನಿಯಮ ಬೆನ್ನಿಗಿದ್ದುದರಿಂದ ಸಹಕಾರ ಸಂಘ ಸುಮ್ಮನೆ ಕೂರುವಂತಿರಲಿಲ್ಲ. ನಾರ್ವೆ ಇದೇ ಗಂಟನ್ನು ಇನ್ನೊಂದು ರೀತಿ ಬಿಡಿಸಿದೆ. ಅಲ್ಲಿ ಪಾನೀಯದ ಬಾಟಲಿ, ಡಬ್ಬಿಗಳ ಮೇಲೆ ಪರಿಸರ ತೆರಿಗೆ ಇದೆ. ವಾಪಸಾತಿ ಏರಿದಂತೆ ತೆರಿಗೆ ಇಳಿಯುತ್ತದೆ, ಶೇ. 95 ಮುಟ್ಟಿದರೆ ಪೂರ್ತಿ ಮನ್ನಾ. ಕಂಪನಿಗಳ ಲಾಭ ಬಾಟಲಿ ಕಳೆದುಹೋಗುವುದರಲ್ಲಿ ಇಲ್ಲ, ಮರಳಿ ಬರುವುದರಲ್ಲಿ ಇದೆ. ಆದ್ದರಿಂದ ಅವು ಕಾನೂನನ್ನು ವಿರೋಧಿಸುತ್ತಾ ಕಾಲ ಕಳೆಯುವ ಬದಲು ಚೆನ್ನಾಗಿ ನಡೆಸುತ್ತಿವೆ.

ಲಿಥುವೇನಿಯ ಈ ಪಾಠಗಳನ್ನೆಲ್ಲ ನೋಡಿಕೊಂಡೇ 2016ರ ಫೆಬ್ರವರಿಯಲ್ಲಿ ಶುರು ಮಾಡಿತು. ಹತ್ತು ಯೂರೋ ಸೆಂಟ್ ಠೇವಣಿ, ಅಂಗಡಿಗಳಲ್ಲೇ ವಾಪಸಾತಿ. ಮೂರನೇ ಒಂದರಷ್ಟಿದ್ದ ಪ್ಲಾಸ್ಟಿಕ್ ಬಾಟಲಿ ಸಂಗ್ರಹ ಎರಡು ವರ್ಷ ತುಂಬುವಷ್ಟರಲ್ಲಿ ಶೇ. 90 ದಾಟಿತು.

ವಿರೋಧಿಗಳ ಮಾತಿನಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವುದು ಸರಿಯಲ್ಲ. ಮನೆಮನೆಯಿಂದ ಸಂಗ್ರಹಿಸುವ ಡಬ್ಬದಲ್ಲಿ ಅತ್ಯಂತ ಬೆಲೆಬಾಳುವುದು ಅಲ್ಯೂಮಿನಿಯಂ ಕ್ಯಾನ್. ಅದು ಠೇವಣಿಯ ದಾರಿ ಹಿಡಿದರೆ ಪುರಸಭೆಯ ಸಂಗ್ರಹ ವ್ಯವಸ್ಥೆಯ ಆದಾಯ ಕುಗ್ಗುತ್ತದೆ. ಇದು ನಿಜ. ಆದರೆ ಅದೇ ಡಬ್ಬದಿಂದ ಗಾಜೂ ಹೊರಹೋಗುತ್ತದೆ. ಗಾಜು ಒಡೆದು ಕಾಗದದೊಳಗೆ ಸೇರಿ ಎರಡನ್ನೂ ಕೆಡಿಸುತ್ತದೆ, ವಿಂಗಡಿಸುವ ಯಂತ್ರಗಳನ್ನು ಸವೆಸುತ್ತದೆ. ಠೇವಣಿಯ ದಾರಿಯಲ್ಲಿ ಬರುವ ಮಾಲು ಶುದ್ಧವಾಗಿರುತ್ತದೆ, ಬಾಟಲಿಯಿಂದ ಮತ್ತೆ ಬಾಟಲಿಯನ್ನೇ ಮಾಡಬಹುದು. ಕಲಬೆರಕೆಯಾದದ್ದು ಬಹುಪಾಲು ಕೆಳದರ್ಜೆಯ ಸಾಮಾನಾಗುತ್ತದೆ. ಮನೆ ಬಾಗಿಲ ಸಂಗ್ರಹವೊಂದೇ ಸಾಕಾಗಿದ್ದರೆ ಅಮೆರಿಕದ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಮೂರನೇ ಎರಡು ಭಾಗ ಇಂದಿಗೂ ಕೈತಪ್ಪಿ ಹೋಗುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ, ಆಟದ ಮೈದಾನದಲ್ಲಿ, ಕಾರಿನಲ್ಲಿ ಕುಡಿದು ಮುಗಿಸಿದ ಬಾಟಲಿ ಮನೆಯ ಡಬ್ಬದ ತನಕ ಬರುವುದೇ ಇಲ್ಲ. ಸಮುದ್ರದ ವಿಷಯದಲ್ಲೂ ಸಾಕ್ಷ್ಯವಿದೆ. ಆಸ್ಟ್ರೇಲಿಯ ಮತ್ತು ಅಮೆರಿಕದ ಕರಾವಳಿಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ, ಠೇವಣಿ ಇರುವ ರಾಜ್ಯಗಳ ದಡದಲ್ಲಿ ಪಾನೀಯದ ಬಾಟಲಿ, ಡಬ್ಬಿಗಳ ಕಸ ಸುಮಾರು ಶೇ. 40 ಕಡಿಮೆ ಎಂದು ಕಂಡಿತು.

ಇನ್ನೊಂದು ಆಕ್ಷೇಪ ಸೂಕ್ಷ್ಮವಾದದ್ದು. ಠೇವಣಿ ಇರುವ ನಗರಗಳಲ್ಲಿ ಬಡವರು ಕಸದ ಡಬ್ಬ ತಡಕಿ ಬಾಟಲಿ ಆಯುತ್ತಾರೆ, ಇದು ಮಾನವಂತ ಸಮಾಜಕ್ಕೆ ಒಪ್ಪುವಂಥದ್ದೇ ಎಂಬ ಪ್ರಶ್ನೆ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಶೂರ್ ವಿ ಕ್ಯಾನ್ ಎಂಬ ಲಾಭರಹಿತ ಕೇಂದ್ರವಿದೆ. ಬಾಟಲಿ ಆಯುವವರಿಗೆಂದೇ 2007ರಲ್ಲಿ ಆರಂಭವಾದದ್ದು. ತಳ್ಳುಗಾಡಿಯ ಮೇಲೆ ಆಳೆತ್ತರದ ಚೀಲಗಳನ್ನು ಕಟ್ಟಿ ತರುವವರಲ್ಲಿ ವಲಸೆ ಬಂದ ವೃದ್ಧರು, ಪಿಂಚಣಿ ಸಾಲದವರು, ಬೇರೆಲ್ಲೂ ಕೆಲಸ ಸಿಗದವರು ಇದ್ದಾರೆ. ತಂದದ್ದನ್ನು ಅವರು ಸುಮ್ಮನೆ ಸುರಿಯುವಂತಿಲ್ಲ. ಗಾಜು, ಪ್ಲಾಸ್ಟಿಕ್, ಅಲ್ಯೂಮಿನಿಯಂ ಬೇರೆ ಮಾಡಬೇಕು, ಅದರೊಳಗೆ ಮತ್ತೆ ಕಂಪನಿವಾರು ಬೇರೆ ಮಾಡಬೇಕು, ಯಾಕೆಂದರೆ ಪ್ರತಿ ವಿತರಕನೂ ತನ್ನ ಸರಕನ್ನಷ್ಟೇ ಒಯ್ಯುತ್ತಾನೆ. ಯಾವ ಡಬ್ಬಿ ಯಾವ ವಿತರಕನದು ಎಂಬುದು ಅವರಿಗೆ ಬಾಯಿಪಾಠ. ಇದು ಕೌಶಲದ ದುಡಿಮೆ. ಈ ದುಡಿಮೆಗೆ ಹೆಸರಿಲ್ಲದಿರುವುದು, ನೆರಳಿಲ್ಲದಿರುವುದು, ಅವರ ಕೂಲಿ ದಶಕಗಳಿಂದ ಐದು ಸೆಂಟ್‌ನಲ್ಲೇ ನಿಂತಿರುವುದು ಅವಮಾನಕರ. ಕಾನೂನು ತೆಗೆದರೆ ಅವರ ಬಡತನ ಹೋಗುವುದಿಲ್ಲ, ಆದಾಯ ಹೋಗುತ್ತದೆ. ಠೇವಣಿ ಏರಿಸಬೇಕೆಂಬ ಚಳವಳಿಯಲ್ಲಿ ಈಗ ಆಯುವವರೂ ನೇರವಾಗಿ ಮಾತನಾಡುತ್ತಿದ್ದಾರೆ ಎಂಬುದು ಸಮಾಧಾನದ ವಿಷಯ.

ಪರಿಸರ ಸಂಘಟನೆಗಳ ಒಳಗೇ ಒಂದು ಭಿನ್ನಾಭಿಪ್ರಾಯವಿದೆ. ಠೇವಣಿಯಿಂದ ಬಿಸಾಡುವ ಬಾಟಲಿಗೆ ಗೌರವ ಸಿಕ್ಕಿ, ತೊಳೆದು ತುಂಬಿಸುವ ಬಾಟಲಿ ಮರೆಯಾಗುತ್ತದೆಯೇ? ಜರ್ಮನಿಯ ಅನುಭವ ಈ ಆತಂಕಕ್ಕೆ ಪುಷ್ಟಿ ಕೊಡುತ್ತದೆ. ತುಂಬಿಸುವ ಬಾಟಲಿಗಳ ಪಾಲು ಶೇ. 72ಕ್ಕಿಂತ ಇಳಿದರೆ ಬಿಸಾಡುವ ಬಾಟಲಿಗೆ ಕಡ್ಡಾಯ ಠೇವಣಿ ಎಂದು 1991ರ ನಿಯಮ ಬೆದರಿಸಿತ್ತು. ಬೆದರಿಕೆ 2003ರಲ್ಲಿ ನಿಜವಾಯಿತು. ಆದರೂ ತುಂಬಿಸುವ ಬಾಟಲಿಯ ಪಾಲು ಹಳೆಯ ಮಟ್ಟಕ್ಕೆ ಮರಳಲಿಲ್ಲ, ಕುಸಿಯುತ್ತಲೇ ಹೋಯಿತು. ಠೇವಣಿ ಬಾಟಲಿಯನ್ನು ವಾಪಸು ತರುತ್ತದೆ. ವಾಪಸು ಬಂದದ್ದನ್ನು ತೊಳೆಯಬೇಕೋ ಕರಗಿಸಬೇಕೋ ಎಂಬುದನ್ನು ಬೇರೆ ಕಾನೂನು ಹೇಳಬೇಕು.

ಕಂಪನಿಗಳ ನಿಲುವು ಈಚೆಗೆ ಬದಲಾಗಿದೆ. ಆಸ್ಟ್ರೇಲಿಯದ ನಾರ್ದರ್ನ್ ಟೆರಿಟರಿ 2012ರಲ್ಲಿ ಠೇವಣಿ ತಂದಾಗ ಕೋಕ-ಕೋಲ ಅಮಾಟಿಲ್ ಮತ್ತಿತರ ಪಾನೀಯ ಕಂಪನಿಗಳು ನ್ಯಾಯಾಲಯಕ್ಕೆ ಹೋಗಿ 2013ರಲ್ಲಿ ಗೆದ್ದವು. ಸಾರ್ವಜನಿಕರ ಆಕ್ರೋಶದ ನಡುವೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವಿಶೇಷ ವಿನಾಯಿತಿ ನೀಡಿ ಯೋಜನೆಯನ್ನು ಉಳಿಸಿಕೊಳ್ಳಬೇಕಾಯಿತು. ನಾಲ್ಕು ವರ್ಷಗಳ ನಂತರ, 2017ರ ಫೆಬ್ರವರಿಯಲ್ಲಿ, ಬ್ರಿಟನ್ನಿನ ಕೋಕ-ಕೋಲ ಠೇವಣಿಯನ್ನು ಬೆಂಬಲಿಸುವುದಾಗಿ ಪ್ರಕಟಿಸಿತು. ಈ ಮನಃಪರಿವರ್ತನೆಗೆ ವ್ಯಾವಹಾರಿಕ ಕಾರಣವೂ ಸೇರಿಕೊಂಡಿತು. ಐರೋಪ್ಯ ಒಕ್ಕೂಟದ 2019ರ ನಿರ್ದೇಶನದಂತೆ ಪ್ಲಾಸ್ಟಿಕ್ ಬಾಟಲಿಯಲ್ಲಿ 2025ರಿಂದ ಶೇ. 25, 2030ರಿಂದ ಶೇ. 30 ಮರುಸಂಸ್ಕರಿಸಿದ ಪ್ಲಾಸ್ಟಿಕ್ ಇರಬೇಕು. ಅಷ್ಟೊಂದು ಶುದ್ಧ ಪ್ಲಾಸ್ಟಿಕ್ ಠೇವಣಿ ಇಲ್ಲದೆ ಸಿಗುವುದಿಲ್ಲ. ಹಾಗಾಗಿ ಈಗಿನ ಪೈಪೋಟಿ ಠೇವಣಿ ಬೇಕೋ ಬೇಡವೋ ಎಂಬುದರ ಮೇಲಲ್ಲ, ಅದನ್ನು ನಡೆಸುವ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ. ಆಸ್ಟ್ರೇಲಿಯದ ಎಲ್ಲ ರಾಜ್ಯಗಳಲ್ಲೂ ಈಗ ಠೇವಣಿ ಇದೆ; 1977ರಲ್ಲಿ ದಕ್ಷಿಣ ಆಸ್ಟ್ರೇಲಿಯದಿಂದ ಆರಂಭವಾದ ಈ ಸಾಲು 2025ರ ಮೇ ತಿಂಗಳಲ್ಲಿ ಟಾಸ್ಮೇನಿಯಾದೊಂದಿಗೆ ಪೂರ್ಣವಾಯಿತು.

ಕಾನೂನು ಅಂಗೀಕಾರವಾದ ಮೇಲೂ ಕೈಜಾರಬಹುದು ಎಂಬುದಕ್ಕೆ ಸ್ಕಾಟ್ಲೆಂಡ್ ಸಾಕ್ಷಿ. ಗ್ರಾಮೀಣ ಪ್ರದೇಶಗಳ ರಕ್ಷಣೆಗಾಗಿ ದುಡಿಯುವ ಒಂದು ಹಳೆಯ ನಾಗರಿಕ ಸಂಘ ಅಲ್ಲಿ ವರ್ಷಗಳ ಕಾಲ ಚಳವಳಿ ನಡೆಸಿತು, 2020ರಲ್ಲಿ ನಿಯಮಾವಳಿ ಬಂತು. ಜಾರಿಯ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2023ರಲ್ಲಿ ಲಂಡನ್ ಸರ್ಕಾರ, ಗಾಜನ್ನು ಬಿಟ್ಟರೆ ಮಾತ್ರ ಒಪ್ಪಿಗೆ ಎಂದಿತು. ಯೋಜನೆ ನಿಂತಿತು, ಅದನ್ನು ನಡೆಸಬೇಕಿದ್ದ ಸಂಸ್ಥೆ ದಿವಾಳಿಯಾಯಿತು. ಈಗ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಿಗೆ 2027ರ ಅಕ್ಟೋಬರ್ ಗೊತ್ತುಪಡಿಸಲಾಗಿದೆ, ಗಾಜಿಲ್ಲದೆ. ಗಾಜು ಬೇಕೇ ಬೇಕು ಎಂದ ವೇಲ್ಸ್ 2024ರಲ್ಲಿ ಆ ಜಂಟಿ ಯೋಜನೆಯಿಂದ ಹೊರಬಂತು. ಐರ್ಲೆಂಡ್ ಗಣರಾಜ್ಯ ಅಷ್ಟರಲ್ಲಿ 2024ರ ಫೆಬ್ರವರಿಯಲ್ಲೇ ಪ್ಲಾಸ್ಟಿಕ್ ಬಾಟಲಿ ಮತ್ತು ಡಬ್ಬಿಗಳಿಗೆ ಠೇವಣಿ ಆರಂಭಿಸಿಬಿಟ್ಟಿತ್ತು.

ಐರೋಪ್ಯ ಒಕ್ಕೂಟದ ಹೊಸ ಪ್ಯಾಕೇಜಿಂಗ್ ನಿಯಮದಂತೆ ಪ್ಲಾಸ್ಟಿಕ್ ಬಾಟಲಿ ಮತ್ತು ಲೋಹದ ಡಬ್ಬಿಗಳಲ್ಲಿ ಶೇ. 90 ಭಾಗ 2029ರೊಳಗೆ ಪ್ರತ್ಯೇಕವಾಗಿ ಸಂಗ್ರಹವಾಗಬೇಕು, ಅದಕ್ಕೆ ಠೇವಣಿ ವ್ಯವಸ್ಥೆ ಕಡ್ಡಾಯ. 2026ರಲ್ಲಿ ಶೇ. 80 ಮುಟ್ಟಿ ತೋರಿಸುವ ದೇಶಗಳಿಗೆ ಮಾತ್ರ ವಿನಾಯಿತಿ ಉಂಟು. ಹಾಗಾಗಿ ಎಣಿಕೆಯೇ ಈಗ ಹೋರಾಟದ ಕಣ. ಸ್ಪೇನ್‌ನಲ್ಲಿ ಏನಾಯಿತೆಂದು ನೋಡಿ. ಪ್ಲಾಸ್ಟಿಕ್ ಬಾಟಲಿಗಳ ಸಂಗ್ರಹ 2023ರಲ್ಲಿ ಶೇ. 70 ಮುಟ್ಟದಿದ್ದರೆ ಎರಡು ವರ್ಷದೊಳಗೆ ಠೇವಣಿ ತರಬೇಕು ಎಂದು ಅಲ್ಲಿನ ಕಾನೂನು ಹೇಳಿತ್ತು. ಗುರಿ ಮುಟ್ಟಿದ್ದೇವೆ ಎಂದು ಉದ್ಯಮ ಹೇಳುತ್ತಿತ್ತು. ಆ ಅಂಕಿಗಳನ್ನು ನಂಬಲಾಗದು ಎಂದು ಪರಿಸರ ಸಂಘಟನೆಗಳು ವರ್ಷಗಳಿಂದ ದೂರುತ್ತಾ ಬಂದಿದ್ದವು. 2024ರ ನವೆಂಬರ್‌ನಲ್ಲಿ ಸರ್ಕಾರ ತಾನೇ ಲೆಕ್ಕ ಹಾಕಿ ಪ್ರಕಟಿಸಿದ ಪ್ರಮಾಣ ಶೇ. 41.3. ಅಲ್ಲಿಗೆ ಸ್ಪೇನ್‌ನಲ್ಲಿ ಠೇವಣಿ ಕಡ್ಡಾಯವಾಯಿತು, ಎರಡು ವರ್ಷದ ಗಡುವು ಅಂದಿನಿಂದ ಶುರುವಾಯಿತು.